ಧ್ವನಿಮುದ್ರಿಕೆಯೂ ಒಂದು ಹಸ್ತಪ್ರತಿಯೇ

ಅಕ್ಕಲಕೋಟೆ ತಾಲೂಕಿನ ಒಂದು ಹಳ್ಳಿ. ಪಡಸಾಲೆಯ ಮೂಲೆಯಲ್ಲಿ ಬೀಸುವ ಕಲ್ಲು. ಅದರ ಮುಂದೆ ಎಂಬತ್ತು ದಾಟಿದ ಹಿರಿಯ ಹೆಣ್ಣುಮಗಳು. ಎದುರಿಗೆ ಲ್ಯಾಪ್‌ಟಾಪು, ಮೈಕು ಹರವಿಕೊಂಡು ಕುಳಿತ ಕನ್ನಡ ಐಚ್ಛಿಕ ವಿದ್ಯಾರ್ಥಿನಿ. ಊರಿಗೆ ಹಿಟ್ಟಿನ ಗಿರಣಿ ಬಂದ ಮೇಲೆ ಆ ಕಲ್ಲಿಗೆ ಕೆಲಸವಿರಲಿಲ್ಲ. ಹಾಡಿನ ಸಲುವಾಗಿಯೇ ಅಂದು ಅದನ್ನು ಒರೆಸಿ ಜೋಳ ಹಾಕಿದ್ದರು. ಒಂದೂವರೆ ತಾಸು ಹಾಡು ನಡೆಯಿತು. ಮುಗಿದ ಮೇಲೆ ಆಯಿ ಕೇಳಿದರು: “ಯವ್ವಾ, ಎಲ್ಲಾ ಹಾಡೂ ಆ ಡಬ್ಬ್ಯಾಗ ಕುಂತಾವೇನ?” “ಕುಂತಾವ ಆಯಿ,” ಎಂದಳು ಹುಡುಗಿ. ಪರದೆಯ ಮೇಲೆ ಧ್ವನಿಯ ಗೆರೆ ಓಡುತ್ತಿದ್ದುದನ್ನು ಅವಳು ಕಣ್ಣಾರೆ ಕಂಡಿದ್ದಳು; ಕಿವಿಯಾರೆ ಕೇಳಿರಲಿಲ್ಲ.

ಸೊಲ್ಲಾಪುರಕ್ಕೆ ಮರಳಿ ಕೇಳಿದಾಗ ಹನ್ನೊಂದು ಕಡೆ ಹಾಡು ಕತ್ತರಿಸಿತ್ತು. ಕೆಲವೆಡೆ ಅರ್ಧ ಅಕ್ಷರ, ಕೆಲವೆಡೆ ಒಂದು ಸಾಲಿನ ಅರ್ಧ. ಪರೀಕ್ಷೆ ಮುಗಿದ ಮೇಲೆ ಇನ್ನೊಮ್ಮೆ ಹೋಗಿ ಹಾಡಿಸಿಕೊಂಡರಾಯಿತು ಎಂದು ಅವಳು ಸಮಾಧಾನ ಮಾಡಿಕೊಂಡಳು. ಪರೀಕ್ಷೆ ಮುಗಿಯುವ ಮೊದಲೇ ಆ ಯಂತ್ರದ ಹಾರ್ಡ್ ಡ್ರೈವ್ ಟಿಕ್ ಟಿಕ್ ಎಂದು ಸದ್ದು ಮಾಡತೊಡಗಿತು. ಒಂದು ವಾರ ಅದನ್ನು ಮತ್ತೆ ಮತ್ತೆ ಆರಿಸಿ ಹಚ್ಚಿ ನೋಡಿದಳು. ಎಂಟನೆಯ ದಿನ ಅದು ಏಳಲೇ ಇಲ್ಲ. ಅದೇ ತಿಂಗಳು ಹಳ್ಳಿಯಿಂದ ಆಯಿ ತೀರಿಕೊಂಡ ಸುದ್ದಿ ಬಂತು.

ಇದನ್ನು ದುರದೃಷ್ಟವೆಂದು ಕೈಬಿಡುವುದು ಸುಲಭ. ಯಂತ್ರದ ದೋಷವನ್ನು ರಿಪೇರಿ ಅಂಗಡಿಯವರು ನೋಡಿಕೊಳ್ಳಬೇಕು, ಕನ್ನಡದ ವಿದ್ಯಾರ್ಥಿಗೆ ಅದರಿಂದ ಆಗಬೇಕಾದುದೇನು ಎಂದು ಕೇಳುವವರೂ ಉಂಟು. ಆದರೆ ಗ್ರಂಥಸಂಪಾದನೆಯ ಪತ್ರಿಕೆಯನ್ನು ಓದಿದವರಿಗೆ ಈ ಕಥೆ ಅಪರಿಚಿತವಲ್ಲ. ಗರಿ ಮುರಿದು ಅಕ್ಷರ ಹೋದರೆ ಅದಕ್ಕೆ ಗ್ರಂಥಪಾತವೆನ್ನುತ್ತಾರೆ. ಇದ್ದ ಒಂದೇ ಪ್ರತಿ ಗೆದ್ದಲಿಗೆ ತುತ್ತಾದರೆ ಕೃತಿಯೇ ಇಲ್ಲವಾಗುತ್ತದೆ. ಧ್ವನಿ ಕತ್ತರಿಸುವುದು ಮೊದಲನೆಯ ಬಗೆಯ ನಷ್ಟ, ಹಾರ್ಡ್ ಡ್ರೈವ್ ಸಾಯುವುದು ಎರಡನೆಯ ಬಗೆಯದು. ಡಿ.ಎಲ್. ನರಸಿಂಹಾಚಾರ್ಯರು 1964ರಲ್ಲಿ ಪ್ರಕಟಿಸಿದ ‘ಕನ್ನಡ ಗ್ರಂಥಸಂಪಾದನೆ’ಯನ್ನು ಓದಿ ಪರೀಕ್ಷೆ ಬರೆಯುವ ವಿದ್ಯಾರ್ಥಿಯೇ ಕ್ಷೇತ್ರಕಾರ್ಯಕ್ಕೆ ಹೊರಟಾಗ ತಾನು ಲಿಪಿಕಾರನ ಪೀಠದಲ್ಲಿ ಕುಳಿತಿರುವೆನೆಂಬುದನ್ನು ಮರೆಯುತ್ತಾನೆ. ಧ್ವನಿಮುದ್ರಿಕೆ ಒಂದು ಹಸ್ತಪ್ರತಿ. ಅದನ್ನು ತಯಾರಿಸುವ ಮತ್ತು ಕಾಯುವ ಯಂತ್ರದ ಗುಣದೋಷಗಳನ್ನು ತಿಳಿಯುವುದು ಕನ್ನಡ ಅಧ್ಯಯನದ ಹೊರಗಿನ ಕೆಲಸವಲ್ಲ, ಒಳಗಿನದೇ. ಈ ಲೇಖನದ ವಾದ ಇಷ್ಟೇ.

ಸೊಲ್ಲಾಪುರ ಸೀಮೆಯಲ್ಲಿ ಈ ಮಾತಿಗೆ ಹೆಚ್ಚಿನ ತೂಕವಿದೆ. ಹನ್ನೆರಡನೆಯ ಶತಮಾನದ ಸಿದ್ಧರಾಮನ ಸೊನ್ನಲಿಗೆಯೇ ಇಂದಿನ ಸೊಲ್ಲಾಪುರ. ಮರಾಠಿಯಲ್ಲಿ ಶಾಲೆ ಕಲಿತು, ಕನ್ನಡವನ್ನು ಸ್ವಂತ ಪ್ರಯತ್ನದಿಂದ ಒಲಿಸಿಕೊಂಡು ‘ಶ್ರೀ ಸಿದ್ಧರಾಮ ಪುರಾಣ’ವನ್ನು ರಚಿಸಿದ ಜಯದೇವಿತಾಯಿ ಲಿಗಾಡೆಯವರು ಈ ಊರಿನವರು, 1974ರಲ್ಲಿ ಮಂಡ್ಯದಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿ, ಆ ಪೀಠವೇರಿದ ಮೊದಲ ಮಹಿಳೆಯೆನಿಸಿದರು. ಅಕ್ಕಲಕೋಟೆ ಭೋಸಲೆ ಮನೆತನದ ಸಂಸ್ಥಾನವಾಗಿದ್ದು 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. 1967ರ ಮಹಾಜನ ವರದಿ ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಜತ್ತ ಪ್ರದೇಶಗಳ ಬಗ್ಗೆ ಮಾಡಿದ ಶಿಫಾರಸು ಕಾಗದದಲ್ಲಿಯೇ ಉಳಿಯಿತು. ಗಡಿಯ ವಾದ ಬೇರೆ. ಅದನ್ನು ನಡೆಸುವವರು ಬೇರೆ. ಇಲ್ಲಿಯ ಕನ್ನಡದ ಬಹುಪಾಲು ಕಾಗದದಲ್ಲಿಲ್ಲ, ಬಾಯಲ್ಲಿದೆ ಎಂಬುದು ಮಾತ್ರ ವಾದಕ್ಕೆ ಸಿಗದ ಸತ್ಯ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಕಚೇರಿಯ ಅರ್ಜಿಯಲ್ಲಿ ಮರಾಠಿ. ಬೀಸುವ ಪದ, ಹಂತಿಯ ಪದ, ಸೋಬಾನೆ, ಭಜನೆಯ ತತ್ವಪದ, ಮೊಹರಮ್ಮಿನ ಪದ, ಮಂಗಳವೇಢೆ ತಾಲೂಕಿನ ಹುಲಜಂತಿಯ ಮಾಳಿಂಗರಾಯನ ಡೊಳ್ಳಿನ ಹಾಡು, ಇವೆಲ್ಲ ಕಂಠದಲ್ಲಿ ಬದುಕಿವೆ. ಅಕ್ಷರಕ್ಕೆ ಇಳಿಯದ ಭಾಷೆಗೆ ಧ್ವನಿಮುದ್ರಣವೇ ತಾಳೆಗರಿ.

ಈ ಕೆಲಸಕ್ಕೆ ನೆರೆಯಲ್ಲಿಯೇ ಒಂದು ದೊಡ್ಡ ಮಾದರಿ ಇದೆ. ಭೀಮೆಯ ಆಚೆ, ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಹೆಣ್ಣುಮಕ್ಕಳ ಹಾಡುಗಳನ್ನು ಕೇಳಿ ಕೇಳಿ ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಸಂಕಲನವನ್ನು ಹೊರತಂದರು. ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದವರ ಆ ದುಡಿಮೆ ಇಲ್ಲದಿದ್ದರೆ ಉತ್ತರ ಕರ್ನಾಟಕದ ತ್ರಿಪದಿಯ ಸಂಪತ್ತು ಎಷ್ಟೆಂಬುದೇ ತಿಳಿಯುತ್ತಿರಲಿಲ್ಲ. ಅವರ ಕೈಯಲ್ಲಿದ್ದುದು ಲೇಖನಿ. ಲೇಖನಿಗೆ ಮಾತು ದಕ್ಕಿತು, ಧಾಟಿ ದಕ್ಕಲಿಲ್ಲ. ಯಾವ ಹಾಡನ್ನು ಯಾವ ಎಳೆತದಲ್ಲಿ ಹಾಡಿದರು, ಎಲ್ಲಿ ಉಸಿರು ತೆಗೆದುಕೊಂಡರು, ಕಲ್ಲಿನ ಸುತ್ತಿಗೂ ಗಣದ ನಡೆಗೂ ಹೇಗೆ ಹೊಂದಾಣಿಕೆಯಾಗುತ್ತಿತ್ತು ಎಂಬುದು ಪುಸ್ತಕದಲ್ಲಿಲ್ಲ. ಇಂದಿನ ವಿದ್ಯಾರ್ಥಿಯ ಚೀಲದಲ್ಲಿರುವ ಯಂತ್ರ ಅದನ್ನೆಲ್ಲ ಹಿಡಿಯಬಲ್ಲದು. ಆದರೆ 1931ರ ಪುಸ್ತಕ ಇಂದಿಗೂ ಗ್ರಂಥಾಲಯದ ಕಪಾಟಿನಲ್ಲಿ ಸಿಗುತ್ತದೆ. ಐದು ವರ್ಷದ ಹಿಂದಿನ ಮುದ್ರಿಕೆ ಎಲ್ಲಿದೆಯೆಂದು ಕೇಳಿದರೆ ಅನೇಕರು ತಲೆ ತುರಿಸಿಕೊಳ್ಳುತ್ತಾರೆ. ಹಿಡಿಯುವ ಶಕ್ತಿ ಬೆಳೆದಷ್ಟು ಕಾಯುವ ಎಚ್ಚರ ಬೆಳೆಯಲಿಲ್ಲ.

ಮೊದಲು ಧ್ವನಿ ಕತ್ತರಿಸುವುದು ಹೇಗೆಂದು ನೋಡಬೇಕು. ಕಂಪ್ಯೂಟರು ಧ್ವನಿಯನ್ನು ಅಖಂಡವಾಗಿ ನುಂಗುವುದಿಲ್ಲ. ಸೆಕೆಂಡಿಗೆ 48,000 ಸಲ ಅದರ ಅಳತೆ ತೆಗೆದು, ಆ ಅಳತೆಗಳನ್ನು ಬಫರ್ ಎಂಬ ಸಣ್ಣ ಪಾತ್ರೆಯಲ್ಲಿ ಕೂಡಿಹಾಕುತ್ತದೆ. ಪಾತ್ರೆ ತುಂಬಿದೊಡನೆ ಪ್ರೊಸೆಸರು ಬಂದು ಅದನ್ನು ಬರಿದುಮಾಡಿ ಡಿಸ್ಕಿಗೆ ಒಯ್ಯಬೇಕು. ನಲ್ಲಿಗೆ ನೀರು ಬಂದ ದಿನ ಮನೆಯವರು ಕೊಡದ ಮೇಲೆ ಕೊಡ ಬದಲಿಸುವ ಕೆಲಸವೇ ಇದು. ಕೊಡ ಒಯ್ಯುವವರು ಬರುವತನಕ ನಲ್ಲಿ ನಿಲ್ಲುವುದಿಲ್ಲ. ಕೈ ತಡವಾದರೆ ನೀರು ನೆಲದ ಪಾಲು. 256 ಅಳತೆಗಳ ಪಾತ್ರೆಯಾದರೆ ಅದು ತುಂಬಲು ಹಿಡಿಯುವ ಕಾಲ ಸುಮಾರು 5 ಮಿಲಿಸೆಕೆಂಡು ಮಾತ್ರ. 2,048 ಅಳತೆಗಳದ್ದಾದರೆ ಸುಮಾರು 43 ಮಿಲಿಸೆಕೆಂಡು. ಅಷ್ಟರೊಳಗೆ ಪ್ರೊಸೆಸರು ಬೇರೊಂದು ಕೆಲಸದಲ್ಲಿ ಸಿಕ್ಕಿಕೊಂಡಿದ್ದರೆ ಆ ಕ್ಷಣದ ಧ್ವನಿ ಸೋರಿಹೋಗುತ್ತದೆ. ಅದನ್ನು ಆಮೇಲೆ ಯಾವ ತಂತ್ರಾಂಶವೂ ಮರಳಿ ತರಲಾರದು, ಏಕೆಂದರೆ ಅದು ದಾಖಲಾಗಿಯೇ ಇಲ್ಲ.

ಇಷ್ಟು ಸಣ್ಣ ಅವಧಿಯ ನಷ್ಟದಿಂದ ಏನಾದೀತು ಎಂದು ಕೇಳಬಹುದು. ಕನ್ನಡದಲ್ಲಿ ಹ್ರಸ್ವ ಸ್ವರವೊಂದನ್ನು ಉಚ್ಚರಿಸಲು ಸೆಕೆಂಡಿನ ಹತ್ತನೆಯ ಒಂದು ಭಾಗ ಸಾಕು. ಅಷ್ಟು ಸೋರಿದರೆ ‘ಮಾನ’ ‘ಮನ’ವಾಗಿ ಕೇಳಿಸೀತು. ತ್ರಿಪದಿಯಲ್ಲಿ ಮಾತ್ರೆ ತಪ್ಪಿದಂತೆ ತೋರಿ, ಹಾಡಿದವರ ಛಂದಸ್ಸೇ ಸಡಿಲವೆಂದು ಮುಂದಿನ ಸಂಶೋಧಕ ಬರೆದಾನು. ಯಂತ್ರದ ತಪ್ಪು ಹಾಡುಗಾರ್ತಿಯ ಹೆಸರಿಗೆ ಹತ್ತುತ್ತದೆ. ಇದು ಸಣ್ಣ ಅನ್ಯಾಯವಲ್ಲ.

ಕತ್ತರಿಸಿದ್ದು ಯಂತ್ರವೋ, ಹಾಡಿದವರು ತಾವೇ ತಡೆದರೋ ಎಂದು ಗೊತ್ತುಮಾಡಲು ಬೀಸುವ ಪದದಲ್ಲಿಯೇ ಒಂದು ಸಾಕ್ಷಿ ಇದೆ. ಹಾಡುವವರು ಉಸಿರಿಗಾಗಿ ನಿಂತಾಗ ಕಲ್ಲಿನ ಸದ್ದು ಮುಂದುವರಿಯುತ್ತದೆ. ಕಲ್ಲೂ ಕಂಠವೂ ಅಂಗಳದ ಕೋಳಿಯೂ ಒಂದೇ ಗಳಿಗೆಯಲ್ಲಿ ಮೌನವಾದರೆ ತಪ್ಪು ಯಂತ್ರದ್ದು. ಹಸ್ತಪ್ರತಿಯ ಸಂಪಾದಕ ಛಂದಸ್ಸಿನ ನೆರವಿನಿಂದ ಲೋಪವನ್ನು ಕಂಡುಹಿಡಿಯುವ ಕ್ರಮವೇ ಇದು. ಸಾಧನ ಮಾತ್ರ ಬೇರೆ.

ದೋಷವನ್ನು ಹುಡುಕುವುದಕ್ಕೂ ಒಂದು ಕ್ರಮವಿದೆ. ಅನೇಕರು ಗಾಬರಿಯಿಂದ ಏಕಕಾಲಕ್ಕೆ ಹತ್ತು ಸೆಟ್ಟಿಂಗುಗಳನ್ನು ಬದಲಿಸಿ, ದೋಷ ಹೋದರೂ ಏಕೆ ಹೋಯಿತೆಂಬುದು ತಿಳಿಯದೆ ಉಳಿಯುತ್ತಾರೆ. ಮೊದಲು ಅದೇ ಕಡತವನ್ನು ಎರಡು ಸಲ ಕೇಳಬೇಕು. ಎರಡು ಸಲವೂ ಅದೇ ಜಾಗದಲ್ಲಿ ಕತ್ತರಿಸಿದರೆ ಲೋಪ ಹೆಚ್ಚಾಗಿ ಕಡತದಲ್ಲಿಯೇ ಇದೆ. ಬೇರೆ ಬೇರೆ ಜಾಗದಲ್ಲಿ ಕತ್ತರಿಸಿದರೆ ಕಡತ ಸರಿಯಾಗಿದ್ದು ಕೇಳಿಸುವ ಯಂತ್ರ ತಡವರಿಸುತ್ತಿದೆ. ಅದನ್ನು ಇನ್ನೊಂದು ಯಂತ್ರಕ್ಕೆ ಒಯ್ದು ಕೇಳಿದರೆ ಸಂಶಯ ತೀರುತ್ತದೆ. ಇಷ್ಟು ಮಾಡದೆ ಮುದ್ರಿಕೆ ಕೆಟ್ಟಿತೆಂದು ಅಳಿಸಿ ಹಾಕಿದವರೂ ಇರಬಹುದು.

ಲೋಪ ಕಡತದಲ್ಲಿಯೇ ಇದೆಯೆಂದಾದರೆ ಸರಳವಾದುದರಿಂದ ಆರಂಭಿಸಬೇಕು. ಮೈಕಿನ ತಂತಿ ಸಡಿಲವಾಗಿದೆಯೇ, ಯುಎಸ್‌ಬಿ ಕೇಬಲ್ ಅಲುಗಾಡಿದಾಗ ಸದ್ದು ಬರುತ್ತದೆಯೇ, ಮೈಕು, ಮೌಸು, ಹೊರಗಿನ ಡಿಸ್ಕು ಎಲ್ಲವನ್ನೂ ಒಂದೇ ಹಬ್‌ಗೆ ಚುಚ್ಚಲಾಗಿದೆಯೇ ಎಂದು ನೋಡಬೇಕು. ಅನಂತರ ಯಂತ್ರದ ಒಳಗಿನ ಗದ್ದಲ: ವೈಫೈ, ಬ್ಲೂಟೂತ್, ಆಂಟಿವೈರಸ್‌ನ ತಪಾಸಣೆ, ತಾನಾಗಿಯೇ ಇಳಿಯುವ ಅಪ್‌ಡೇಟು, ತೆರೆದಿಟ್ಟ ಬ್ರೌಸರು. ಇವುಗಳಲ್ಲಿ ಯಾವುದಾದರೊಂದು ಪ್ರೊಸೆಸರನ್ನು ಕೆಲವು ಮಿಲಿಸೆಕೆಂಡು ಹಿಡಿದಿಟ್ಟರೂ ಕೊಡ ತುಂಬಿ ಚೆಲ್ಲುತ್ತದೆ. ಬ್ಯಾಟರಿ ಉಳಿಸುವ ವಿಧಾನದಲ್ಲಿ ಯಂತ್ರ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಮುದ್ರಣದ ಹೊತ್ತಿನಲ್ಲಿ ಅದನ್ನು ತೆಗೆದಿಡಬೇಕು. ಬಫರನ್ನು ದೊಡ್ಡದು ಮಾಡಬೇಕು. ಬಫರ್ ದೊಡ್ಡದಾದಷ್ಟೂ ಧ್ವನಿ ಹೆಡ್‌ಫೋನಿಗೆ ತಡವಾಗಿ ಬರುತ್ತದೆ ನಿಜ. ಸ್ಟುಡಿಯೋದಲ್ಲಿ ತನ್ನ ಧ್ವನಿಯನ್ನು ತಾನೇ ಕೇಳುತ್ತ ಹಾಡುವವರಿಗೆ ಅದರಿಂದ ತೊಂದರೆ, ಪಡಸಾಲೆಯಲ್ಲಿ ಹಾಡುವ ಆಯಿಗೆ ಏನೂ ಇಲ್ಲ. ಸಾಧನವೂ ತಂತ್ರಾಂಶವೂ ಒಂದೇ ಅಳತೆಯ ವೇಗದಲ್ಲಿವೆಯೇ ಎಂದು ನೋಡಬೇಕು. ಒಂದು 44,100, ಇನ್ನೊಂದು 48,000 ಎಂದಿದ್ದರೂ ತೊಡಕು ಹುಟ್ಟುತ್ತದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ ಹತ್ತು ನಿಮಿಷ ಮುದ್ರಿಸಿ ಕೇಳುವುದು ನಿಜವಾದ ವಿಧಾನ. ಪಾಠಾಂತರಗಳನ್ನು ಒಂದೊಂದಾಗಿ ತೂಗುವ ತಾಳ್ಮೆ ಇದ್ದವರಿಗೆ ಇದು ಕಷ್ಟವಲ್ಲ.

ಕೊನೆಯ ಸಂಶಯ ಡಿಸ್ಕಿನ ಮೇಲೆ ಹೋಗಬೇಕು. ಡಿಸ್ಕು ತುಂಬಿದ್ದರೆ ಅಥವಾ ಕೆಡತೊಡಗಿದ್ದರೆ ಬರೆಯುವ ಕೆಲಸ ನಿಧಾನವಾಗಿ ಧ್ವನಿ ಸೋರುತ್ತದೆ. ಆಗ ಕತ್ತರಿಸಿದ ಹಾಡು ಬರಲಿರುವ ಸಾವಿನ ಮುನ್ಸೂಚನೆ. ಮೇಲಿನ ವಿದ್ಯಾರ್ಥಿನಿಯ ವಿಷಯದಲ್ಲಿಯೂ ಎರಡು ದೋಷಗಳ ಬೇರು ಬಹುಶಃ ಒಂದೇ ಆಗಿತ್ತು. ಹನ್ನೊಂದು ಲೋಪಗಳನ್ನು ಕೇಳಿದ ದಿನವೇ ಅವಳು ಕಡತವನ್ನು ಬೇರೆಡೆಗೆ ನಕಲು ಮಾಡಿದ್ದರೆ ಹಾಡು ಊನವಾಗಿಯಾದರೂ ಉಳಿಯುತ್ತಿತ್ತು.

ಹಾರ್ಡ್ ಡ್ರೈವ್ ಹೊಸ ವಸ್ತುವಲ್ಲ. 1956ರಲ್ಲಿ ಐಬಿಎಂ ಕಂಪನಿ ಹೊರತಂದ ಮೊದಲ ಡ್ರೈವ್‌ನಲ್ಲಿ ಐವತ್ತು ತಟ್ಟೆಗಳಿದ್ದವು. ಅದರಲ್ಲಿ ಹಿಡಿಸುತ್ತಿದ್ದುದು ಸುಮಾರು 50 ಲಕ್ಷ ಅಕ್ಷರ. ಇಂದಿನ ಡ್ರೈವ್ ಅಂಗೈಯಗಲದ್ದು. ತತ್ತ್ವ ಮಾತ್ರ ಅದೇ. ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುವ ತಟ್ಟೆಯ ಮೇಲೆ, ಕೂದಲೆಳೆಗಿಂತ ಸಾವಿರಾರು ಪಟ್ಟು ಕಿರಿದಾದ ಅಂತರದಲ್ಲಿ, ಓದುವ ತಲೆ ತೇಲುತ್ತಿರುತ್ತದೆ. ಬಸ್ಸಿನ ಕುಲುಕಾಟದಲ್ಲಿ ಚಾಲೂ ಇರುವ ಲ್ಯಾಪ್‌ಟಾಪು, ಬರೆಯುತ್ತಿರುವಾಗಲೇ ಹೋದ ವಿದ್ಯುತ್ತು, ಮೇಜಿನಿಂದ ಒಂದು ಸಲ ಬಿದ್ದ ಪೆಟ್ಟು, ಇವು ಆ ತಲೆಯನ್ನು ತಟ್ಟೆಗೆ ತಾಗಿಸಬಲ್ಲವು. ಸತ್ತ ಡ್ರೈವ್ ಮೊದಲೇ ಹೇಳಿ ಹೋಗುತ್ತದೆಂಬ ಭರವಸೆಯೂ ಇಲ್ಲ. ಗೂಗಲ್ ಸಂಸ್ಥೆ ತನ್ನ ಒಂದು ಲಕ್ಷಕ್ಕೂ ಹೆಚ್ಚು ಡ್ರೈವ್‌ಗಳನ್ನು ಕುರಿತು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರಡು ಮುಖ್ಯ ಸಂಗತಿಗಳಿದ್ದವು. ತಪಾಸಣೆಯಲ್ಲಿ ಮೊದಲ ದೋಷ ಕಾಣಿಸಿದ ಡ್ರೈವ್ ಮುಂದಿನ 60 ದಿನಗಳಲ್ಲಿ ಕೆಡುವ ಸಂಭವ, ದೋಷವಿಲ್ಲದ ಡ್ರೈವ್‌ಗಿಂತ 39 ಪಟ್ಟು ಹೆಚ್ಚು. ಆದರೆ ಕೆಟ್ಟುಹೋದ ಡ್ರೈವ್‌ಗಳಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಿನವು ಅಂಥ ಯಾವ ಸೂಚನೆಯನ್ನೂ ಕೊಟ್ಟಿರಲಿಲ್ಲ. ಎಂದರೆ, ಸೂಚನೆ ಬಂದರೆ ತಡಮಾಡಬಾರದು. ಸೂಚನೆ ಬಂದಿಲ್ಲವೆಂದು ನೆಚ್ಚಿಯೂ ಇರಬಾರದು.

ಡ್ರೈವ್ ಟಿಕ್ ಟಿಕ್ ಎಂದಾಗ ಏನು ಮಾಡಬೇಕೆಂಬುದಕ್ಕಿಂತ ಏನು ಮಾಡಬಾರದೆಂಬುದು ಮುಖ್ಯ. ಅದನ್ನು ಮತ್ತೆ ಮತ್ತೆ ಚಾಲೂ ಮಾಡಬಾರದು. ಪ್ರತಿ ಸಲವೂ ಗಾಯದ ಮೇಲೆ ಗಾಯ. ಡಿಸ್ಕನ್ನು ದುರಸ್ತಿ ಮಾಡುತ್ತೇನೆಂದು ಹೇಳುವ ತಪಾಸಣೆಯ ತಂತ್ರಾಂಶವನ್ನು ಅದರ ಮೇಲೆ ಓಡಿಸಬಾರದು. ಸಾಯುತ್ತಿರುವ ಡಿಸ್ಕಿನ ಮೇಲೆ ಅದು ಬರೆಯುತ್ತದೆ, ಬರೆಯುವುದೆಂದರೆ ಅಳಿಸುವುದು. ಅದೇ ಡಿಸ್ಕಿಗೆ ಹೊಸ ಕಡತವನ್ನು ಇಳಿಸಬಾರದು. ಡಿಸ್ಕು ಇನ್ನೂ ಓದಿಸಿಕೊಳ್ಳುತ್ತಿದ್ದರೆ ಮೊದಲು ಅದರ ಸಮಗ್ರ ಪ್ರತಿಯನ್ನು ಇನ್ನೊಂದು ಡಿಸ್ಕಿಗೆ ತೆಗೆದು, ಆ ಪ್ರತಿಯ ಮೇಲೆ ಕಡತಗಳನ್ನು ಹುಡುಕಬೇಕು. ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶ ಸುಲಭವಾಗಿ ಓದಿಸಿಕೊಳ್ಳುವ ಭಾಗಗಳನ್ನು ಮೊದಲು ಎತ್ತಿಕೊಂಡು, ಕೆಟ್ಟ ಭಾಗಗಳಿಗೆ ಆಮೇಲೆ ಮರಳುತ್ತದೆ. ಜೀರ್ಣವಾದ ಗರಿಯನ್ನು ಬಿಡಿಸುವ ಮೊದಲು ಅದರ ಚಿತ್ರ ತೆಗೆದುಕೊಳ್ಳುವ ಎಚ್ಚರವೇ ಇದು. ಡಿಸ್ಕು ಓದಿಸಿಕೊಳ್ಳದಿದ್ದರೆ ಆರಿಸಿಟ್ಟು, ದತ್ತಾಂಶ ಮರಳಿ ತೆಗೆಯುವ ಪರಿಣತರಿಗೆ ಕೊಡಬೇಕು. ಮನೆಯಲ್ಲಿ ಸ್ಕ್ರೂ ಬಿಚ್ಚಿ ತಟ್ಟೆಯನ್ನು ನೋಡುವ ಕುತೂಹಲ, ಉಳಿದ ಆಸೆಯನ್ನೂ ಧೂಳಿಗೆ ಕೊಟ್ಟಂತೆ.

ತಿರುಗುವ ಭಾಗಗಳಿಲ್ಲದ ಎಸ್‌ಎಸ್‌ಡಿಯನ್ನು ಕೊಂಡರೆ ಈ ತೊಂದರೆಯೇ ಇಲ್ಲವೆನ್ನುವವರಿದ್ದಾರೆ. ಅದು ಕುಲುಕಾಟವನ್ನು ತಡೆಯುತ್ತದೆ, ವೇಗವಾಗಿ ಬರೆಯುತ್ತದೆ. ಮುದ್ರಣಕ್ಕೆ ಅದೇ ಲೇಸು. ಆದರೆ ಅದು ಕೆಟ್ಟಾಗ ಟಿಕ್ ಎನ್ನದೆಯೇ ಕೆಡುತ್ತದೆ. ವರ್ಷಗಟ್ಟಲೆ ವಿದ್ಯುತ್ತಿಲ್ಲದೆ ಕಪಾಟಿನಲ್ಲಿಟ್ಟರೆ ಅದರಲ್ಲಿಯ ವಿದ್ಯುದಂಶ ಸೋರಿ ಬರಹ ಮಾಸಬಹುದು. ಪೆನ್‌ಡ್ರೈವ್ ಕೂಡ ಸಾಗಿಸಲು ಯೋಗ್ಯ, ಸಂಗ್ರಹಿಸಿಡಲು ಅಲ್ಲ. ಅಳಿಯದ ಮಾಧ್ಯಮ ಯಾವುದೂ ಇಲ್ಲ. ಕ್ಯಾಸೆಟ್ಟಿನ ಕಾಂತೀಯ ಸುರುಳಿಗಳನ್ನು ಡಿಜಿಟಲ್ ರೂಪಕ್ಕೆ ತರಲು 2025ರ ಸುಮಾರಿಗೆ ಅವಕಾಶ ಮುಗಿಯುತ್ತದೆಂದು ಯುನೆಸ್ಕೋ ಮತ್ತು ಅಂತಾರಾಷ್ಟ್ರೀಯ ಧ್ವನಿಸಂಗ್ರಹಾಲಯಗಳ ಸಂಘ 2019ರಲ್ಲಿಯೇ ಎಚ್ಚರಿಸಿದ್ದವು. ಸುರುಳಿಗಳು ಹಾಳಾಗುವುದರ ಜೊತೆಗೆ ಅವನ್ನು ನುಡಿಸುವ ಯಂತ್ರಗಳೇ ಇಲ್ಲವಾಗುತ್ತವೆ ಎಂಬುದು ಅದರ ಕಾರಣ. ಮನೆಯ ಟ್ರಂಕಿನಲ್ಲಿ ಅಜ್ಜನ ಭಜನೆಯ ಕ್ಯಾಸೆಟ್ ಇರುವ ವಿದ್ಯಾರ್ಥಿಗಳು ಈ ಮಾತನ್ನು ಗಮನಿಸಬೇಕು.

ಹಾಗಾದರೆ ಉಳಿಯುವುದು ಹೇಗೆ? ಕನ್ನಡ ಸಾಹಿತ್ಯಚರಿತ್ರೆಯೇ ಇದಕ್ಕೆ ಉತ್ತರ ಕೊಟ್ಟಿದೆ. ಗಂಗರ ಸೈಗೊಟ್ಟ ಶಿವಮಾರನ ‘ಗಜಾಷ್ಟಕ’ ಓವನಿಗೆಯಾಗಿ, ಒನಕೆವಾಡಾಗಿ ಜನರ ಬಾಯಲ್ಲಿತ್ತೆಂದು ಶಾಸನ ಹೇಳುತ್ತದೆ. ಇಂದು ಅದರ ಒಂದು ಪದವೂ ಸಿಗುವುದಿಲ್ಲ. ಒಂದು ಕಾಲದಲ್ಲಿ ಮನೆಮನೆಯಲ್ಲಿ ಹಾಡಿದ್ದು ಕೂಡ ಅಳಿಯಬಲ್ಲದು. ಮರುಮಾತಾಗಿ ವಚನಗಳು ಉಳಿದವು. ಮಠಗಳಲ್ಲಿ, ಮನೆಯ ಜಗುಲಿಗಳಲ್ಲಿ, ಬೇರೆ ಬೇರೆ ಕೈಗಳು ಬೇರೆ ಬೇರೆ ಊರುಗಳಲ್ಲಿ ಪ್ರತಿ ಮಾಡಿದುದರಿಂದ ಅವು ಉಳಿದವು. ಫ.ಗು. ಹಳಕಟ್ಟಿಯವರು ವಿಜಯಪುರದಲ್ಲಿ ಕುಳಿತು ಓಲೆಗರಿಗಳನ್ನು ಕೂಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಲು ಸಾಧ್ಯವಾದುದು ಆ ಪ್ರತಿಕಾರರ ದುಡಿಮೆಯ ಫಲ. ಗರಿ ಗಟ್ಟಿಯಾಗಿದ್ದುದರಿಂದ ವಚನ ಉಳಿಯಲಿಲ್ಲ. ಗರಿ ಒಂದೇ ಆಗಿರದಿದ್ದುದರಿಂದ ಉಳಿಯಿತು.

ಇಂದಿನ ಕಂಪ್ಯೂಟರ್ ಲೋಕ ಇದೇ ಮಾತನ್ನು ಮೂರು-ಎರಡು-ಒಂದು ಎಂಬ ಸೂತ್ರವಾಗಿ ಹೇಳುತ್ತದೆ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಜಾಗದಲ್ಲಿ. ಒಂದೇ ಚೀಲದಲ್ಲಿರುವ ಎರಡು ಡಿಸ್ಕುಗಳು ಎರಡು ಪ್ರತಿಗಳಲ್ಲ. ಚೀಲ ಕಳೆದರೆ ಎರಡೂ ಹೋದವು. ಪ್ರತಿ ಇದೆಯೆಂದು ನಂಬಿದರೆ ಸಾಲದು, ಅದು ತೆರೆಯುತ್ತದೆಯೇ ಎಂದು ನೋಡಬೇಕು. 1998ರಲ್ಲಿ ಅಮೆರಿಕದ ಪಿಕ್ಸರ್ ಸ್ಟುಡಿಯೋದಲ್ಲಿ ‘ಟಾಯ್ ಸ್ಟೋರಿ 2’ ಚಿತ್ರದ ಕಡತಗಳು ಒಂದು ತಪ್ಪು ಆಜ್ಞೆಯಿಂದ ಅಳಿಸಿಹೋದವು. ಕಾಯ್ದಿಟ್ಟ ಪ್ರತಿ ಸರಿಯಾಗಿ ಉಳಿದಿಲ್ಲವೆಂಬುದು ಆಗ ತಿಳಿಯಿತು. ಮನೆಯಿಂದ ಕೆಲಸ ಮಾಡುತ್ತಿದ್ದ ಸಿಬ್ಬಂದಿಯೊಬ್ಬರ ಮನೆಯ ಯಂತ್ರದಲ್ಲಿದ್ದ ನಕಲು ಚಿತ್ರವನ್ನು ಉಳಿಸಿತು. ಕೋಟಿಗಟ್ಟಲೆ ಖರ್ಚು ಮಾಡುವ ಸಂಸ್ಥೆಯೇ ಪ್ರತಿಯನ್ನು ತೆರೆದು ನೋಡಿರಲಿಲ್ಲವೆಂದ ಮೇಲೆ ಪಠ್ಯದ ಒತ್ತಡದಲ್ಲಿರುವ ವಿದ್ಯಾರ್ಥಿಯಿಂದ ಆ ತಪ್ಪು ಆಗುವುದು ಸಹಜ. ಸಹಜವಾದ ತಪ್ಪಿಗೆ ನಿಯಮವೇ ಮದ್ದು.

ಎಲ್ಲರ ಕೈಯಲ್ಲಿ ಮೊಬೈಲು ಇದೆ, ಇಷ್ಟೆಲ್ಲ ಗದ್ದಲವೇಕೆ ಎಂಬುದು ಇನ್ನೊಂದು ಆಕ್ಷೇಪ. ಮೊಬೈಲು ತಿರಸ್ಕರಿಸುವಂಥದ್ದಲ್ಲ, ಫ್ಲೈಟ್ ಮೋಡಿನಲ್ಲಿಟ್ಟು ಪಕ್ಕಕ್ಕಿರಿಸಿದರೆ ಅದು ಒಳ್ಳೆಯ ಎರಡನೆಯ ಸಾಕ್ಷಿ. ಆದರೆ ಅನೇಕ ಫೋನುಗಳು ಮಾತಲ್ಲದ ಸದ್ದನ್ನು ಗದ್ದಲವೆಂದು ತಿಳಿದು ತಗ್ಗಿಸುತ್ತವೆ. ಬೀಸುವ ಕಲ್ಲಿನ ಸದ್ದು ಅವುಗಳ ಲೆಕ್ಕದಲ್ಲಿ ಗದ್ದಲ. ಜಾನಪದದ ಲೆಕ್ಕದಲ್ಲಿ ಅದು ಹಾಡಿನ ಅರ್ಧ. ಮುಖ್ಯ ಮುದ್ರಿಕೆ ಕುಗ್ಗಿಸದ ವೇವ್ ಕಡತವಾಗಿರಬೇಕು. 48,000 ಅಳತೆ, 24 ಬಿಟ್, ಎರಡು ವಾಹಿನಿ ಎಂದರೆ ತಾಸಿಗೆ ಸುಮಾರು ಒಂದು ಜಿಬಿ. ಸಾಮಾನ್ಯ ವೇವ್ ಕಡತದ ಮಿತಿ 4 ಜಿಬಿ; ಎಂದರೆ ರಾತ್ರಿಯಿಡೀ ನಡೆಯುವ ಭಜನೆಯನ್ನು ಒಂದೇ ಕಡತದಲ್ಲಿ ಹಿಡಿಯಹೋದರೆ ನಾಲ್ಕು ತಾಸಿನ ಮೇಲೆ ಅದು ನಿಲ್ಲಬಹುದು ಅಥವಾ ಕೆಡಬಹುದು. ತಾಸಿಗೊಂದು ಹೊಸ ಕಡತವನ್ನು ಆರಂಭಿಸುವುದು ಕ್ಷೇಮ. ಇಂಟರ್ನೆಟ್ಟಿನ ಸಂಗ್ರಹಕ್ಕೆ ಏರಿಸಿದರೆ ಆಯಿತಲ್ಲ ಎಂಬ ಮಾತೂ ಅರ್ಧ ಸತ್ಯ. ಅದು ಬೇರೆ ಜಾಗದ ಒಂದು ಪ್ರತಿಯಾದೀತು, ಏಕೈಕ ಪ್ರತಿಯಾಗಬಾರದು. ಹಾಡಿದವರ ಒಪ್ಪಿಗೆಯಿಲ್ಲದೆ ಅವರ ಕಂಠವನ್ನು ಲೋಕಕ್ಕೆಲ್ಲ ತೆರೆದಿಡುವ ಅಧಿಕಾರವೂ ಮುದ್ರಿಸಿದವರಿಗೆ ಇಲ್ಲ.

ಲೋಪವಾದಾಗ ಪ್ರಾಮಾಣಿಕತೆಯ ಪ್ರಶ್ನೆ ಏಳುತ್ತದೆ. ಕತ್ತರಿಸಿದ ಜಾಗವನ್ನು ಹಾಡಿನ ಇನ್ನೊಂದು ಭಾಗದಿಂದ ತುಂಡು ತಂದು ಹೊಲಿದು ಮುಚ್ಚುವ ಸೌಲಭ್ಯ ಇಂದಿನ ತಂತ್ರಾಂಶಗಳಲ್ಲಿ ಇದೆ. ಊಹೆಯಿಂದಲೇ ಧ್ವನಿಯನ್ನು ಕಟ್ಟಿಕೊಡುವ ಯಂತ್ರಗಳೂ ಬಂದಿವೆ. ಕೇಳಲು ಅದು ಇಂಪಾಗಿದ್ದೀತು. ಗ್ರಂಥಸಂಪಾದನೆಯಲ್ಲಿ ಅದಕ್ಕಿರುವ ಹೆಸರು ಪ್ರಕ್ಷೇಪ. ಒಳ್ಳೆಯ ಸಂಪಾದಕ ಗರಿ ಮುರಿದ ಜಾಗದಲ್ಲಿ ಚುಕ್ಕೆಗಳನ್ನಿಟ್ಟು, ತನ್ನ ಊಹೆಯನ್ನು ಅಡಿಟಿಪ್ಪಣಿಗೆ ಇಳಿಸುತ್ತಾನೆ. ಮುದ್ರಿಕೆಯ ಮೂಲವನ್ನೂ ಹಾಗೆಯೇ ಬಿಡಬೇಕು. ಎಷ್ಟನೆಯ ನಿಮಿಷದಲ್ಲಿ ಎಷ್ಟು ಹೋಗಿದೆ ಎಂದು ಬರೆದಿಡಬೇಕು. ಹಾಡಿನ ನಡುವೆ ಮರಾಠಿ ಅಭಂಗದ ಸಾಲು ಬಂದಾಗ, ಮಾತಿನ ನಡುವೆ ಮರಾಠಿ ಪದ ನುಸುಳಿದಾಗ ಅದನ್ನು ‘ಶುದ್ಧ’ ಮಾಡಲು ಕತ್ತರಿಸುವುದೂ ಇದೇ ಜಾತಿಯ ಅಪರಾಧ. ಯಂತ್ರ ಮಾಡಿದ ಲೋಪಕ್ಕೆ ಕ್ಷಮೆಯುಂಟು, ಕೈಯಾರೆ ಮಾಡಿದ ಲೋಪಕ್ಕೆ ಇಲ್ಲ. ಎರಡು ಭಾಷೆ ಒಂದೇ ನಾಲಗೆಯ ಮೇಲೆ ವಾಸಿಸುವ ಊರಿನ ಸತ್ಯವೇ ಆ ಬೆರಕೆ.

ಇವೆಲ್ಲ ವಿದ್ಯಾರ್ಥಿಯೊಬ್ಬರ ಹೆಗಲ ಮೇಲೆ ಹೊರಿಸುವ ಭಾರವೂ ಅಲ್ಲ. ಕನ್ನಡ ವಿಭಾಗಗಳು ಕ್ಷೇತ್ರಕಾರ್ಯಕ್ಕೆ ಅಂಕ ಕೊಡುತ್ತವೆ, ಟೈಪು ಮಾಡಿದ ಪ್ರಬಂಧವನ್ನು ಬೈಂಡು ಮಾಡಿಸಿ ಇಡುತ್ತವೆ. ಮುದ್ರಿಕೆಯನ್ನು ಕೇಳುವುದು ಅಪರೂಪ. ಪ್ರಬಂಧದ ಆಕರವೇ ಆ ಧ್ವನಿ. ಆಕರವಿಲ್ಲದ ಪ್ರಬಂಧವನ್ನು ಒಪ್ಪಿಕೊಳ್ಳದ ವಿಭಾಗ ಧ್ವನಿಯಿಲ್ಲದ ಜಾನಪದ ಪ್ರಬಂಧವನ್ನು ಏಕೆ ಒಪ್ಪಬೇಕು? ಮುದ್ರಿಕೆಯನ್ನು ಒಪ್ಪಿಸಿದ ಮೇಲೆಯೇ ಅಂಕವೆಂಬ ನಿಯಮ ಬರಲಿ. ವಿಭಾಗದಲ್ಲಿ ಎರಡು ಡಿಸ್ಕು, ಗ್ರಂಥಾಲಯದಲ್ಲಿ ಒಂದು. ಹಾಡಿದವರ ಹೆಸರು, ಊರು, ದಿನಾಂಕ, ಸಂದರ್ಭ, ಒಪ್ಪಿಗೆ, ಲೋಪಗಳ ಪಟ್ಟಿ ಇರುವ ಒಂದು ರಟ್ಟಿನ ರಿಜಿಸ್ಟರು. ವರ್ಷಕ್ಕೊಮ್ಮೆ ಪ್ರತಿಯೊಂದು ಕಡತವನ್ನೂ ತೆರೆದು ಕೇಳುವ ಒಂದು ದಿನ. ಇದಕ್ಕೆ ಬೇಕಾದ ಹಣ ಒಂದು ವಿಚಾರಸಂಕಿರಣದ ಊಟದ ಖರ್ಚನ್ನು ಮೀರುವುದಿಲ್ಲ. 1982ರಲ್ಲಿ ಆರಂಭವಾಗಿ ಭಾರತದ ಜನಪದ ಸಂಗೀತದ ಮುದ್ರಿಕೆಗಳನ್ನು ಕಾಯುತ್ತಿರುವ ಸಂಗ್ರಹಾಲಯವೊಂದು ಈಗ ಗುರುಗ್ರಾಮದಲ್ಲಿದೆ; ರಾಮನಗರದ ಬಳಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವಿದೆ. ಅವು ದೊಡ್ಡ ಮಠಗಳಾದರೆ, ಕಾಲೇಜಿನ ಕಪಾಟು ಮನೆಯ ಜಗುಲಿ. ವಚನಗಳು ಉಳಿದದ್ದು ಎರಡೂ ಕಡೆ ಪ್ರತಿಗಳಿದ್ದುದರಿಂದ.

ವಿದ್ಯಾರ್ಥಿ ಮಾಡಬೇಕಾದುದು ಕೆಲವೇ. ಹೊರಡುವ ಮುನ್ನಾ ದಿನ ಒಂದು ತಾಸು ಮುದ್ರಿಸಿ ಪರೀಕ್ಷಿಸುವುದು. ಹಾಡು ನಡೆಯುವಾಗ ಗೆರೆಯನ್ನು ನೋಡದೆ ಹೆಡ್‌ಫೋನಿನಲ್ಲಿ ಕೇಳುವುದು. ಎದ್ದು ಬರುವ ಮೊದಲು ಆರಂಭ, ನಡು, ಕೊನೆಯ ತುಣುಕುಗಳನ್ನು ಹಾಡಿದವರಿಗೇ ಕೇಳಿಸುವುದು. ಆ ರಾತ್ರಿ ಮಲಗುವ ಮೊದಲು ಎರಡನೆಯ ಪ್ರತಿ, ಆ ವಾರದೊಳಗೆ ಮೂರನೆಯದು. ಒಂದು ಪ್ರತಿ ಹಾಡಿದವರ ಮನೆಗೂ ಸಲ್ಲಬೇಕು. ಅದು ಋಣವೂ ಹೌದು, ಕ್ಷೇಮವೂ ಹೌದು.

ಅಕ್ಕಲಕೋಟೆಯ ಆ ಹಾಡುಗಳಲ್ಲಿ ನಾಲ್ಕು ಉಳಿದಿವೆ. ಮುದ್ರಿಸಿದ ದಿನ ಸಂತೋಷದಿಂದ ವಿದ್ಯಾರ್ಥಿನಿ ಅವನ್ನು ಗೆಳತಿಯ ಫೋನಿಗೆ ಕಳಿಸಿದ್ದಳು. ಕುಗ್ಗಿದ ಕಡತಗಳು, ಎರಡರಲ್ಲಿ ಲೋಪ. ಕಾರ್ಯ ಮುಗಿದ ಮೇಲೆ ಅವಳು ಮತ್ತೆ ಹಳ್ಳಿಗೆ ಹೋದಳು. ಆಯಿಯ ಸೊಸೆ ನೆನಪಿದ್ದಷ್ಟನ್ನು ಹಾಡಿದರು. ಈ ಸಲ ಎರಡು ಯಂತ್ರಗಳಿದ್ದವು. ಅತ್ತೆಯ ಹಾಡಿನಲ್ಲಿ ಹೋದ ಒಂದು ಸಾಲು ಸೊಸೆಯ ಹಾಡಿನಲ್ಲಿ ಸಿಕ್ಕಿತು, ಧಾಟಿ ಮಾತ್ರ ಬೇರೆ. ಅದನ್ನು ತಂದು ಇದಕ್ಕೆ ಹೊಲಿಯಲಿಲ್ಲ. ಎರಡೂ ಬೇರೆ ಬೇರೆ ಕಡತಗಳಾಗಿ, ಬೇರೆ ಬೇರೆ ಹೆಸರಿನಲ್ಲಿ ಇವೆ. ಮೊದಲನೆಯದರ ಟಿಪ್ಪಣಿಯಲ್ಲಿ ಏಳನೆಯ ನಿಮಿಷದ ಎದುರು ಗ್ರಂಥಪಾತವೆಂದು ಬರೆದಿದೆ.